ಮಾರ್ಕ್ ಗೊನ್ಜಾಲೆಸ್ ತೆರೆದ ಬೀದಿ: ಸ್ಕೇಟ್‌ಬೋರ್ಡ್ ಕಲಿಸುವವನ ಎಂಟು ಪಾಠಗಳು

ಸ್ಕೇಟ್‌ಬೋರ್ಡ್ ಕಲಿಯಲು ನನ್ನ ಬಳಿ ಬರುವ ಮಕ್ಕಳು ಈಗ ಬಹಳಷ್ಟನ್ನು ತಿಳಿದುಕೊಂಡೇ ಬರುತ್ತಾರೆ. ಟೋಕಿಯೊ, ಪ್ಯಾರಿಸ್ ಎರಡೂ ಒಲಿಂಪಿಕ್ಸ್‌ಗಳ ಸ್ಟ್ರೀಟ್ ವಿಭಾಗದಲ್ಲಿ ಜಪಾನಿನ ಯೂಟೊ ಹೊರಿಗೋಮೆ ಚಿನ್ನ ಗೆದ್ದದ್ದು ಅವರಿಗೆ ಗೊತ್ತು. ಟೋಕಿಯೊದಲ್ಲಿ ಹೆಣ್ಣುಮಕ್ಕಳ ಚಿನ್ನ ಗೆದ್ದ ಮೊಮಿಜಿ ನಿಶಿಯಾಗೆ ಆಗ 13 ವರ್ಷ ಎಂಬುದೂ ಗೊತ್ತು. ಟ್ರಿಕ್‌ಗಳ ಹೆಸರಂತೂ ಬಾಯಿಪಾಠ. ಆದರೆ ಒಲಿಂಪಿಕ್ಸ್‌ನ ಆ ಅಂಗಳದಲ್ಲಿ ಮೆಟ್ಟಿಲು, ಹ್ಯಾಂಡ್‌ರೇಲ್, ಕಟ್ಟೆಗಳನ್ನೇ ಯಾಕೆ ಕಟ್ಟಿಟ್ಟಿದ್ದಾರೆ, ಆಟದ ಮೈದಾನಕ್ಕೆ ಬಸ್‌ಸ್ಟ್ಯಾಂಡಿನ ಸಾಮಾನು ಯಾಕೆ ಬಂತು ಎಂದು ಕೇಳಿದರೆ ಸುಮ್ಮನಾಗುತ್ತಾರೆ.

ಉತ್ತರದ ದೊಡ್ಡ ಪಾಲು ಮಾರ್ಕ್ ಗೊನ್ಜಾಲೆಸ್‌ಗೆ ಸೇರುತ್ತದೆ. 1968ರಲ್ಲಿ ಹುಟ್ಟಿ, ಲಾಸ್ ಏಂಜಲೀಸ್ ಮಗ್ಗುಲಿನ ಸೌತ್ ಗೇಟ್ ಕಡೆ ಬೆಳೆದವನು. ಸ್ಕೇಟರ್‌ಗಳ ಬಾಯಲ್ಲಿ ಬರೀ ‘ಗೊನ್ಜ್’. 2011ರಲ್ಲಿ ‘ಟ್ರಾನ್ಸ್‌ವರ್ಲ್ಡ್ ಸ್ಕೇಟ್‌ಬೋರ್ಡಿಂಗ್’ ಪತ್ರಿಕೆ ಈ ಆಟದ ಮೇಲೆ ಅತಿ ಹೆಚ್ಚು ಪ್ರಭಾವ ಬೀರಿದವರ ಪಟ್ಟಿ ಮಾಡಿದಾಗ ಮೊದಲ ಸ್ಥಾನ ಕೊಟ್ಟದ್ದು ಅವನಿಗೆ. ಕೆಲಸದ ಮೇಲೆ ಕೆಲವು ವರ್ಷ ನಾನು ಸ್ಯಾನ್ ಫ್ರಾನ್ಸಿಸ್ಕೊ ಸುತ್ತಮುತ್ತ ಇದ್ದೆ. ಅವನು ಸ್ಕೇಟ್ ಮಾಡಿದ ಜಾಗಗಳಲ್ಲಿ ಬೋರ್ಡ್ ಇಟ್ಟು ನೋಡಿದ್ದೇನೆ. ಬೆಂಗಳೂರಿಗೆ ಮರಳಿ ಮಕ್ಕಳಿಗೆ ಕಲಿಸತೊಡಗಿದ ಮೇಲೆ ಆ ವೃತ್ತಿಜೀವನವನ್ನೇ ನನ್ನ ಪಠ್ಯಪುಸ್ತಕ ಮಾಡಿಕೊಂಡೆ. ಕಾಲಿಗಿಂತ ಮೊದಲು ಕಣ್ಣು ಪಳಗಬೇಕು ಎಂಬ ಒಂದೇ ಮಾತು ಅದರ ಪುಟಪುಟದಲ್ಲೂ ನನಗೆ ಸಿಗುತ್ತದೆ. ಕೆಳಗಿನ ಪಾಠಗಳು ಆ ಮಾತಿನ ಬೇರೆ ಬೇರೆ ಮಗ್ಗುಲುಗಳು.

1. ಜಾಗವಿಲ್ಲ ಎಂದು ಕಾಯಬೇಡಿ

ಪಾರ್ಕ್ ಇಲ್ಲ, ರ‍್ಯಾಂಪ್ ಇಲ್ಲ, ಹಾಗಾಗಿ ಕಲಿಯಲಾಗುತ್ತಿಲ್ಲ ಎಂಬ ಮಾತನ್ನು ನಾನು ಹುಬ್ಬಳ್ಳಿ, ಮೈಸೂರಿನ ಹುಡುಗರಿಂದ ಕೇಳುತ್ತಿರುತ್ತೇನೆ. ಸ್ಟ್ರೀಟ್ ಸ್ಕೇಟಿಂಗ್ ಹುಟ್ಟಿದ್ದೇ ಆ ಇಲ್ಲಗಳ ನಡುವೆ ಎಂದು ಅವರಿಗೆ ಹೇಳುತ್ತೇನೆ.

1970ರ ದಶಕದ ಆರಂಭದಲ್ಲಿ ಫ್ರಾಂಕ್ ನ್ಯಾಸ್‌ವರ್ದಿ ಯುರಥೇನ್ ಚಕ್ರಗಳನ್ನು ಮಾರುಕಟ್ಟೆಗೆ ತಂದ. ಅದಕ್ಕೆ ಮೊದಲಿದ್ದ ಜೇಡಿಮಣ್ಣಿನ ಮಿಶ್ರಣದ ಚಕ್ರಗಳು ಸಣ್ಣ ಕಲ್ಲು ಸಿಕ್ಕರೂ ನಿಂತು ಸವಾರನನ್ನು ಮುಂದಕ್ಕೆ ಎಸೆಯುತ್ತಿದ್ದವು. ಯುರಥೇನ್ ನೆಲವನ್ನು ಹಿಡಿಯಿತು, ವೇಗ ಬಂತು. ಅಮೆರಿಕದಲ್ಲಿ ಕಾಂಕ್ರೀಟ್ ಪಾರ್ಕ್‌ಗಳು ಸಾಲುಸಾಲಾಗಿ ಎದ್ದವು. ದಶಕ ಮುಗಿಯುವ ಹೊತ್ತಿಗೆ ಗಾಯದ ಮೊಕದ್ದಮೆಗಳ ಭಯ ಮತ್ತು ವಿಮೆಯ ದುಬಾರಿ ಕಂತು ಸೇರಿ ಅವುಗಳಲ್ಲಿ ಬಹುಪಾಲು ಮುಚ್ಚಿಹೋದವು. ಉಳಿದದ್ದು ಹಿತ್ತಲಿನಲ್ಲಿ ಕಟ್ಟಿಕೊಂಡ ಮರದ ರ‍್ಯಾಂಪ್‌ಗಳು. ಹಿತ್ತಲು ಇದ್ದವರಿಗೆ, ಮರ ಕೊಳ್ಳಲು ದುಡ್ಡಿದ್ದವರಿಗೆ ಅದು ಸರಿ. ಇಲ್ಲದವರು ಬೀದಿಗೆ ಬಂದರು. ಪಾದಚಾರಿ ಮಾರ್ಗದ ಅಂಚು, ಶಾಲೆಯ ಬೆಂಚು, ಬ್ಯಾಂಕಿನ ಮುಂದಿನ ಇಳಿಜಾರು ಇವೇ ಅವರ ಪಾರ್ಕ್.

1983ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊದ ಗೋಲ್ಡನ್ ಗೇಟ್ ಪಾರ್ಕಿನಲ್ಲಿ ಬೀದಿ ಶೈಲಿಯ ಸ್ಪರ್ಧೆ ನಡೆದಾಗ ಗೆದ್ದವನು ಟಾಮಿ ಗೆರೆರೊ. ಆಗ ಅವನಿಗೆ ಒಬ್ಬ ಪ್ರಾಯೋಜಕನೂ ಇರಲಿಲ್ಲ. ತನ್ನೂರಿನ ಇಳಿಜಾರು ರಸ್ತೆಗಳೇ ಅವನನ್ನು ತಯಾರು ಮಾಡಿದ್ದವು. ಮರುವರ್ಷ, 1984ರ ನವೆಂಬರ್‌ನಲ್ಲಿ, ‘ಥ್ರಾಷರ್’ ಪತ್ರಿಕೆಯ ಮುಖಪುಟದಲ್ಲಿ 16 ವರ್ಷದ ಗೊನ್ಜಾಲೆಸ್ ಕಾಣಿಸಿಕೊಂಡ. ಎತ್ತರದ ರ‍್ಯಾಂಪ್‌ಗಳಲ್ಲಿ ಹಾರುವವರೇ ಹೀರೋಗಳಾಗಿದ್ದ ಕಾಲ ಅದು. ಬೀದಿಯ ಸ್ಕೇಟಿಂಗ್ ಎಂದರೆ ರ‍್ಯಾಂಪಿಗೆ ಹೋಗುವ ದಾರಿಯಲ್ಲಿ ಮಾಡುವ ಚಿಲ್ಲರೆ ಆಟ ಎಂದೇ ಹೆಚ್ಚಿನವರು ಎಣಿಸಿದ್ದರು.

ನಿಮ್ಮ ಬೀದಿಯಲ್ಲಿ ಒಂದು ನುಣುಪಾದ ಕಾಂಕ್ರೀಟ್ ತುಂಡು, ಆರು ಇಂಚಿನ ಒಂದು ಅಂಚು ಇದ್ದರೆ ಮೊದಲ ವರ್ಷಕ್ಕೆ ಅಷ್ಟು ಸಾಕು.

2. ಓಲಿಯನ್ನು ಅವಸರಿಸಬೇಡಿ

ಬೋರ್ಡನ್ನು ಕೈಯಲ್ಲಿ ಹಿಡಿಯದೆ, ಅದು ಪಾದಕ್ಕೆ ಅಂಟಿಕೊಂಡಂತೆ ನೆಲಬಿಟ್ಟು ಏಳುವ ನೆಗೆತವೇ ಓಲಿ. ಬೀದಿ ಸ್ಕೇಟಿಂಗಿನ ಸಕಲವೂ ಇದರ ಮೇಲೆ ನಿಂತಿದೆ. ಹಾಗಾಗಿ ಇಲ್ಲಿ ಸ್ವಲ್ಪ ಹೊತ್ತು ನಿಲ್ಲುತ್ತೇನೆ.

ಫ್ಲೋರಿಡಾದ ಅಲನ್ ಗೆಲ್ಫಾಂಡ್ 1970ರ ದಶಕದ ಕೊನೆಯಲ್ಲಿ ಪಾರ್ಕಿನ ಬಾಗಿದ ಗೋಡೆಯ ಮೇಲೆ ಕೈ ಹಚ್ಚದೆ ಹಾರುವುದನ್ನು ಕಂಡುಕೊಂಡ. ಅವನ ಅಡ್ಡಹೆಸರು ಓಲಿ. ಅದೇ ಟ್ರಿಕ್ಕಿನ ಹೆಸರಾಯಿತು. ಆದರೆ ಗೋಡೆ ಇರುವಲ್ಲಿ ಮೇಲೆಸೆಯುವ ಕೆಲಸದಲ್ಲಿ ಅರ್ಧವನ್ನು ಗೋಡೆಯೇ ಮಾಡುತ್ತದೆ. ಸಪಾಟು ನೆಲದಲ್ಲಿ ಮೇಲೆಸೆಯುವವರು ಯಾರು? ಆ ಲೆಕ್ಕ ಬಿಡಿಸಿದವನು ಅದೇ ಫ್ಲೋರಿಡಾದ ರಾಡ್ನಿ ಮಲೆನ್. ಮನೆಯ ಗ್ಯಾರೇಜಿನಲ್ಲಿ ಒಬ್ಬನೇ ಅಭ್ಯಾಸ ಮಾಡುತ್ತಿದ್ದ ಆ ಹುಡುಗ 1980ರ ದಶಕದ ಆರಂಭದಲ್ಲಿ ಬೋರ್ಡಿನ ಬಾಲವನ್ನು ನೆಲಕ್ಕೆ ಬಡಿದು, ಏಳುವ ಮೂತಿಯನ್ನು ಮುಂಗಾಲಿನಿಂದ ಮಟ್ಟ ಮಾಡುವುದನ್ನು ಸಾಧಿಸಿದ. ಕಿಕ್‌ಫ್ಲಿಪ್, ಹೀಲ್‌ಫ್ಲಿಪ್ ಮೊದಲಾದವು ಆಮೇಲೆ ಅವನಿಂದಲೇ ಬಂದವು. ಮಲೆನ್ ಇದನ್ನೆಲ್ಲ ಫ್ರೀಸ್ಟೈಲ್ ಸ್ಪರ್ಧೆಗಳ ಚಪ್ಪಟೆ ಅಂಗಳದಲ್ಲಿ ಮಾಡುತ್ತಿದ್ದ. ಆ ನೆಗೆತವನ್ನು ಊರೊಳಗೆ ಕರೆತಂದು, ಬೆಂಚಿನ ಮೇಲೆ, ಮೆಟ್ಟಿಲ ಕೆಳಗೆ, ಕಂಬಿಯ ಉದ್ದಕ್ಕೂ ಪ್ರಯೋಗಿಸಿದವರಲ್ಲಿ ಮುಂಚೂಣಿಯಲ್ಲಿದ್ದವರು ಗೊನ್ಜಾಲೆಸ್ ಮತ್ತು ಸಾಂಟಾ ಮೋನಿಕಾದ ನಟಾಸ್ ಕೌಪಸ್. ಮೂರು ಕೈ ದಾಟಿ ಬಂದ ವಿದ್ಯೆ ಇದು. ಒಂದು ಭಾನುವಾರದಲ್ಲಿ ದಕ್ಕಬೇಕು ಎಂದು ಹಟ ಹಿಡಿಯುವ ಮಕ್ಕಳಿಗೆ ನಾನು ಈ ಕತೆ ಹೇಳುತ್ತೇನೆ.

ನನ್ನ ಕ್ರಮ ಹೀಗಿದೆ. ಮೊದಲು ಬರೀ ಉರುಳುವುದು. ತಳ್ಳುವುದು, ತಿರುಗುವುದು, ನಿಲ್ಲುವುದು, ಬಾಲದ ಮೇಲೆ ಭಾರ ಹಾಕಿ ಮೂತಿ ಎತ್ತಿ ದಿಕ್ಕು ಬದಲಿಸುವುದು. ಬೋರ್ಡಿನ ಮೇಲೆ ನಿಂತು ಪಕ್ಕದವರೊಡನೆ ಸಲೀಸಾಗಿ ಮಾತಾಡುವಷ್ಟು ಮೈ ಸಡಿಲವಾಗುವವರೆಗೆ ಓಲಿಯ ಸುದ್ದಿ ಎತ್ತುವುದಿಲ್ಲ. ಆಮೇಲೆ ಹಿಂಗಾಲಿನ ಬಡಿತ. ಹೆಬ್ಬೆರಳ ಬುಡದ ಉಬ್ಬು ಬಾಲದ ನಡುವೆ ಇರಬೇಕು. ಕಣಕಾಲು ಚಾಟಿಯಂತೆ ಚಿಮ್ಮಬೇಕು. ತೊಡೆಯ ಬಲ ಹಾಕಿ ತುಳಿದರೆ ಬಾಲ ನೆಲಕ್ಕೆ ಅಂಟುತ್ತದೆ, ಪುಟಿಯುವುದಿಲ್ಲ. ಅದೇ ಕ್ಷಣಕ್ಕೆ ಮುಂಗಾಲು ಮಡಚಿ, ಶೂವಿನ ಹೊರಮಗ್ಗುಲಿನಿಂದ ಬೋರ್ಡಿನ ಮೇಲೆ ಅಂಟಿಸಿದ ಮರಳುಕಾಗದವನ್ನು ಉಜ್ಜುತ್ತ ಮೂತಿಯವರೆಗೆ ಜಾರಬೇಕು. ಹೆಚ್ಚಿನವರು ಸೋಲುವುದು ಇಲ್ಲಲ್ಲ, ಭುಜದಲ್ಲಿ. ಭುಜ ತಿರುಗಿದರೆ ಬೋರ್ಡೂ ತಿರುಗುತ್ತದೆ. ಭುಜ ಬೋರ್ಡಿಗೆ ಸಮಾನಾಂತರವಾಗಿದ್ದರೆ ಅರ್ಧ ತೊಂದರೆ ತಾನಾಗಿ ಕಳೆಯುತ್ತದೆ.

ನಿಂತಲ್ಲೇ ಓಲಿ ಹೊಡೆಯುವುದನ್ನು ರೂಢಿ ಮಾಡಿಕೊಂಡವರಿಗೆ ಉರುಳುತ್ತ ಹೊಡೆಯಲು ಮತ್ತೆ ಮೊದಲಿನಿಂದ ಕಲಿಯಬೇಕಾಗುತ್ತದೆ. ಹಾಗಾಗಿ ನಿಧಾನಕ್ಕಾದರೂ ಸರಿ, ಚಲಿಸುತ್ತಲೇ ಕಲಿಯಿರಿ.

3. ಜಾಗವನ್ನು ಓದಿ

ಸ್ಯಾನ್ ಫ್ರಾನ್ಸಿಸ್ಕೊದ ಬಂದರು ದಂಡೆಯಲ್ಲಿ ಎಂಬಾರ್ಕಡೆರೊ ಎಂಬ ಇಟ್ಟಿಗೆ ಹಾಸಿನ ವಿಶಾಲ ಚೌಕವಿದೆ. 1970ರ ದಶಕದ ಆರಂಭದಲ್ಲಿ ಕಟ್ಟಿದ್ದು. ಕಚೇರಿಯ ಜನ ಮಧ್ಯಾಹ್ನ ಬುತ್ತಿ ಬಿಚ್ಚಿ ಕೂರಲೆಂದು ಮಾಡಿದ ಜಗಲಿಗಳು, ಮೆಟ್ಟಿಲುಗಳು. ಅಲ್ಲಿ ಒಂದು ಜಗಲಿಗೂ ಇನ್ನೊಂದಕ್ಕೂ ನಡುವೆ ಒಂದು ಕಂದಕದಂಥ ಅಂತರ. 1986ರಲ್ಲಿ ಗೊನ್ಜಾಲೆಸ್ ಅದನ್ನು ಓಲಿ ಹೊಡೆದು ದಾಟಿದ. ಇಂದಿಗೂ ಅದಕ್ಕೆ ‘ಗೊನ್ಜ್ ಗ್ಯಾಪ್’ ಎಂದೇ ಹೆಸರು. ಅದೇ ಹೊತ್ತಿನಲ್ಲಿ ಅವನೂ ಕೌಪಸ್‌ನೂ ಮೆಟ್ಟಿಲ ಪಕ್ಕದ ಹ್ಯಾಂಡ್‌ರೇಲ್ ಮೇಲೆ ಬೋರ್ಡ್ ಹತ್ತಿಸಿ ಜಾರತೊಡಗಿದರು. ವಯಸ್ಸಾದವರು ಹಿಡಿದು ಇಳಿಯಲೆಂದು ಹಾಕಿದ ಕಬ್ಬಿಣದ ಕೊಳವೆಯನ್ನು ದಾರಿಯಾಗಿ ಕಾಣುವುದಕ್ಕೆ ಎಂಥ ಕಣ್ಣು ಬೇಕು! ಇವತ್ತು ಸ್ಟ್ರೀಟ್ ಸ್ಪರ್ಧೆಗಳಲ್ಲಿ ಹ್ಯಾಂಡ್‌ರೇಲ್ ಇದ್ದೇ ಇರುತ್ತದೆ. ಆ ಮೊದಲ ಸಲ ಅದರ ಮೇಲೆ ಏನು ಮಾಡಬಹುದು ಎಂದು ತೋರಿಸಲು ಯಾವ ಚಿತ್ರವೂ ಇರಲಿಲ್ಲ ಎಂಬುದನ್ನು ಮಕ್ಕಳು ನೆನಪಿಡಬೇಕೆಂದು ನನ್ನ ಆಸೆ.

ಈ ಕಣ್ಣನ್ನು ಕಲಿಸಬಹುದೇ? ಪೂರ್ತಿಯಾಗಿ ಅಲ್ಲ. ಆದರೆ ಅದರ ಕೆಳಗಿನ ಶಿಸ್ತನ್ನು ಕಲಿಸಬಹುದು. ಹೊಸ ಜಾಗಕ್ಕೆ ಹೋದಾಗ ನನ್ನ ಶಿಷ್ಯರು ಮೊದಲು ಬೋರ್ಡನ್ನು ಕೈಯಲ್ಲಿ ಹಿಡಿದು ನಡೆಯುತ್ತಾರೆ. ಓಡಿಬರುವ ದಾರಿ ಎಷ್ಟು ಉದ್ದವಿದೆ, ಹಾಸುಗಲ್ಲಿನ ಸಂದು ಚಕ್ರ ಸಿಕ್ಕುವಷ್ಟು ಅಗಲವೇ, ಇಳಿಯುವ ಕಡೆ ಮರಳು ಚೆಲ್ಲಿದೆಯೇ, ಮೂಲೆಯಲ್ಲಿ ಬೈಕ್ ಬಂದರೆ ಕಾಣುತ್ತದೆಯೇ, ಅಲ್ಲಿ ಕೂರುವ ಜನ ಯಾರು, ಅವರು ಯಾವ ಹೊತ್ತಿಗೆ ಬರುತ್ತಾರೆ ಎಂದೆಲ್ಲ ನೋಡುತ್ತಾರೆ. ಇಷ್ಟನ್ನು ನೋಡಿ ಹೇಳಿದ ಮೇಲೆಯೇ ಬೋರ್ಡ್ ಕೆಳಗಿಡಬೇಕು.

ಕಲ್ಲನ್ನೂ ಓದಬೇಕು. ನಮ್ಮಲ್ಲಿ ಕಲ್ಲಿಗೇನೂ ಬರವಿಲ್ಲ. ಆದರೆ ಬೆಂಗಳೂರಿನ ಕಾಲುದಾರಿಗಳ ಅಂಚಿಗೆ ಹಾಕುವ ಸಾದರಹಳ್ಳಿ ಕಲ್ಲು ಉಳಿಯ ಗುರುತು ಉಳಿದ ಒರಟು ಕಲ್ಲು. ಚಕ್ರಗಳನ್ನು ಹಲಗೆಗೆ ಜೋಡಿಸುವ ಲೋಹದ ಟ್ರಕ್ ಅದರ ಮೇಲೆ ಕಚ್ಚಿಕೊಳ್ಳುತ್ತದೆ, ಜಾರುವುದಿಲ್ಲ. ಐಟಿ ಕಚೇರಿಗಳ ಮುಂದಿನ ಪಾಲಿಶ್ ಮಾಡಿದ ಗ್ರಾನೈಟ್ ಕಟ್ಟೆ ಬೇರೆಯೇ ವಿಷಯ, ಮೇಣ ಸವರದೆಯೂ ಟ್ರಕ್ ಹರಿಯುತ್ತದೆ. ಒರಟು ಅಂಚಿಗೆ ಮೇಣದ ಬತ್ತಿ ಉಜ್ಜುವುದಾದರೆ ಅಂಚಿನ ತುದಿಗೆ ಮಾತ್ರ ಉಜ್ಜಿ, ನಡೆಯುವ ಜನ ಕಾಲಿಡುವಲ್ಲಿ ಹಚ್ಚಬೇಡಿ. ಚಕ್ರದ ಗಡಸುತನವೂ ನೆಲಕ್ಕೆ ಹೊಂದಬೇಕು. ಪಾರ್ಕಿನ ನುಣುಪು ಕಾಂಕ್ರೀಟಿಗೆ 99ಎ, 101ಎ ಗಡಸಿನ, 52 ಮಿ.ಮೀ. ಆಸುಪಾಸಿನ ಚಕ್ರ ಸರಿಹೋಗುತ್ತದೆ. ನಮ್ಮ ಡಾಂಬರು ರಸ್ತೆಯಲ್ಲಿ ಅದೇ ಚಕ್ರ ಹಲ್ಲು ಕಟಕಟ ಎನ್ನಿಸುತ್ತದೆ. ಒಂದೆರಡು ಮೆಟ್ಟಿಲು ಮೃದುವಾದ, ತುಸು ದೊಡ್ಡ ಚಕ್ರ ಹಾಕಿಕೊಳ್ಳಿ. ಮಳೆಗಾಲದಲ್ಲಿ ನೆನೆದ ಬೋರ್ಡ್ ಪುಟಿಯುವ ಗುಣ ಕಳೆದುಕೊಳ್ಳುತ್ತದೆ. ಏಳು ಪದರದ ಮೇಪಲ್ ಹಲಗೆಗೆ ನೀರೇ ಶತ್ರು. ಬೇರಿಂಗ್‌ಗೂ ಅಷ್ಟೆ.

4. ಬೀಳುವುದನ್ನು ಅಭ್ಯಾಸ ಮಾಡಿ

ಬೀಳುವಾಗ ಎಲ್ಲರೂ ಕೈ ಚಾಚುತ್ತಾರೆ. ಮೈಯ ಭಾರವೆಲ್ಲ ನೆಟ್ಟಗೆ ನಿಂತ ಮಣಿಕಟ್ಟಿನ ಮೇಲೆ ಬಿದ್ದು ಮುಂಗೈ ಮೂಳೆ ಮುರಿಯುತ್ತದೆ. ಈ ಆಟದಲ್ಲಿ ಹೊಸಬರ ಸಾಮಾನ್ಯ ಗಾಯ ಇದೇ. ಮೊಣಕೈ ಮಡಚಿ, ಭುಜದ ಹಿಂಬದಿಯಿಂದ ಉರುಳಬೇಕು. ಬೋರ್ಡಿನಿಂದ ಸಾಧ್ಯವಾದಷ್ಟೂ ಓಡಿಕೊಂಡು ಇಳಿಯಬೇಕು. ಹುಲ್ಲಿನ ಮೇಲೆ, ಬೋರ್ಡ್ ಇಲ್ಲದೆಯೇ, ಮೊದಲ ತರಗತಿಯಲ್ಲಿ ಇದನ್ನು ಮಾಡಿಸುತ್ತೇನೆ. ಮಕ್ಕಳಿಗೆ ಹೆಲ್ಮೆಟ್ ವಿಷಯದಲ್ಲಿ ನನ್ನ ಬಳಿ ಚೌಕಾಶಿ ಇಲ್ಲ. ಹಳೆಯ ವಿಡಿಯೊಗಳಲ್ಲಿ ಯಾರೂ ಹಾಕಿಲ್ಲವಲ್ಲ ಎನ್ನುತ್ತಾರೆ. ಹಾಕಿಲ್ಲ, ನಿಜ. ಹಾಗೆಂದು ನನ್ನ ತರಗತಿಯ ನಿಯಮ ಬದಲಾಗುವುದಿಲ್ಲ.

ಟ್ರಿಕ್ ಅರ್ಧದಲ್ಲಿ ಕೆಟ್ಟರೆ ಬೋರ್ಡನ್ನು ಒದ್ದು ದೂರ ಮಾಡುವುದೂ ಒಂದು ವಿದ್ಯೆ. ಅರೆಮನಸ್ಸಿನಿಂದ ಒಂದೇ ಕಾಲಿಟ್ಟು ಇಳಿದವರ ಮೊಣಕಾಲು ತಿರುಚುತ್ತದೆ. ಎರಡೂ ಕಾಲಿಡಿ, ಇಲ್ಲವೇ ಎರಡನ್ನೂ ತೆಗೆಯಿರಿ.

5. ಟ್ರಿಕ್ ಎಣಿಸಬೇಡಿ, ಲೈನ್ ಕಟ್ಟಿ

1991ರಲ್ಲಿ ‘ಬ್ಲೈಂಡ್’ ಕಂಪನಿಯ ‘ವಿಡಿಯೊ ಡೇಸ್’ ಬಂತು. ನಿರ್ದೇಶಿಸಿದವನು ಆಗಿನ್ನೂ ಹೆಸರಾಗದ ಸ್ಪೈಕ್ ಜೋನ್ಜ್. ಮುಂದೆ ಹಾಲಿವುಡ್‌ನಲ್ಲಿ ಆಸ್ಕರ್ ಪಡೆದ ಅದೇ ಜೋನ್ಜ್. ಅರ್ಧ ಗಂಟೆಯೂ ಇಲ್ಲದ ಈ ಚಿತ್ರದಲ್ಲಿ ಗೈ ಮರಿಯಾನೊ, ರೂಡಿ ಜಾನ್ಸನ್, ಜೋರ್ಡನ್ ರಿಕ್ಟರ್, ಆಮೇಲೆ ನಟನಾದ ಜೇಸನ್ ಲೀ, ಜೊತೆಗೆ ಗೊನ್ಜಾಲೆಸ್ ಇದ್ದಾರೆ. ಗೊನ್ಜಾಲೆಸ್‌ನ ಭಾಗಕ್ಕೆ ಹಾಕಿದ್ದು ಜಾನ್ ಕೋಲ್ಟ್ರೇನ್‌ನ ಜಾಜ್. ಪಂಕ್, ರಾಕ್ ಬಿಟ್ಟರೆ ಬೇರೆ ಸಂಗೀತ ವಿರಳವಾಗಿದ್ದ ಸ್ಕೇಟ್ ವಿಡಿಯೊಗಳ ಕಾಲದಲ್ಲಿ ಅದು ಧೈರ್ಯದ ಆಯ್ಕೆ. ನೋಡಿದರೆ ಅದು ಯಾಕೆ ಸರಿ ಎಂದು ತಿಳಿಯುತ್ತದೆ.

ಇವತ್ತಿನ ಕಣ್ಣಿಗೆ ಅದರ ಹಲವು ಟ್ರಿಕ್‌ಗಳು ಸರಳ. ನನ್ನ ಶಿಷ್ಯರಲ್ಲೇ ಕೆಲವರು ಅವುಗಳಲ್ಲಿ ಒಂದಿಷ್ಟನ್ನು ಮಾಡುತ್ತಾರೆ. ಆದರೆ ಅವನಂತೆ ಮಾಡುವವರನ್ನು ನಾನು ಕಂಡಿಲ್ಲ. ಅವನು ತಳ್ಳುವ ರೀತಿ ನೋಡಿ: ಉದ್ದುದ್ದ ಕಾಲು, ಪೂರ್ತಿ ವೇಗ, ಮುಂದೆ ಏನಿದೆಯೋ ಅದರ ಕಡೆಗೆ ಇಡೀ ಮೈ ವಾಲಿರುತ್ತದೆ. ಒಂದು ಟ್ರಿಕ್ ಮುಗಿದ ಮೇಲೆ ನಿಲ್ಲುವುದಿಲ್ಲ. ಇಳಿದ ವೇಗದಲ್ಲೇ ಮುಂದಿನ ಕಟ್ಟೆಗೆ, ಅಲ್ಲಿಂದ ಬೀದಿಗೆ. ಸ್ಕೇಟರ್‌ಗಳು ಇದನ್ನೇ ಲೈನ್ ಎನ್ನುವುದು. ನಾನು ಇದನ್ನು ರಾಗದ ಆಲಾಪನೆಗೆ ಹೋಲಿಸುತ್ತೇನೆ. ಸ್ವರಗಳು ಎಲ್ಲರಿಗೂ ಅವೇ, ಒಂದರಿಂದ ಇನ್ನೊಂದಕ್ಕೆ ಹೋಗುವ ನಡೆಯಲ್ಲಿ ಹಾಡುಗಾರ ಕಾಣುತ್ತಾನೆ.

ಹೀಗಾಗಿ ನನ್ನ ತರಗತಿಯಲ್ಲಿ ತಿಂಗಳಿಗೊಮ್ಮೆ ಹೊಸ ಟ್ರಿಕ್ ನಿಷೇಧ. ಗೊತ್ತಿರುವ ಮೂರನ್ನೇ ತೆಗೆದುಕೊಂಡು, ಇಡೀ ಅಂಗಳ ಬಳಸಿ, ನಿಲ್ಲದೆ ಒಂದು ಲೈನ್ ಕಟ್ಟಬೇಕು. ಮೊದಮೊದಲು ಮಕ್ಕಳಿಗೆ ಬೇಸರ. ಎರಡನೆಯ ಸಲಕ್ಕೆ ಒಬ್ಬರ ಲೈನ್ ಇನ್ನೊಬ್ಬರದಕ್ಕಿಂತ ಬೇರೆ ಎಂದು ಅವರಿಗೇ ಕಾಣತೊಡಗುತ್ತದೆ. ನಾಚುಬುರುಕ ಹುಡುಗನ ಲೈನ್ ಒಂದು ಥರ, ಮಾತಿನ ಮಲ್ಲಿಯದು ಇನ್ನೊಂದು ಥರ. ಫೋನಿನ ಹದಿನೈದು ಸೆಕೆಂಡಿನ ತುಣುಕಿನಲ್ಲಿ ಒಂದೇ ಟ್ರಿಕ್ ಹಿಡಿಯುವ ಈ ಕಾಲದಲ್ಲಿ ಇದನ್ನು ಹಟ ಹಿಡಿದು ಕಲಿಸಬೇಕಾಗಿದೆ.

6. ಪ್ರಾಯೋಜಕರನ್ನು ಗುರಿ ಮಾಡಿಕೊಳ್ಳಬೇಡಿ

ಪೋಷಕರು ಕೇಳುವ ಮೊದಲ ಪ್ರಶ್ನೆ, ಇದರಲ್ಲಿ ಸಂಪಾದನೆ ಇದೆಯೇ? ವೃತ್ತಿಪರ ಸ್ಕೇಟರ್ ಎಂದರೆ ಮೂಲತಃ ತನ್ನ ಹೆಸರಿನ ಬೋರ್ಡ್ ಮಾರುಕಟ್ಟೆಯಲ್ಲಿ ಇರುವವನು. ಮಾರಾಟವಾದ ಪ್ರತಿ ಹಲಗೆಗೆ ಇಂತಿಷ್ಟು ರಾಯಧನ. ಶೂ ಕಂಪನಿಗಳ ದುಡ್ಡು ಆಮೇಲೆ ಬಂದದ್ದು. ಕೌಪಸ್ ಹೆಸರಿನಲ್ಲಿ ಎಟ್ನೀಸ್ ಕಂಪನಿ 1980ರ ದಶಕದ ಕೊನೆಯಲ್ಲಿ ಶೂ ತಂದದ್ದು ಆ ದಾರಿಯ ಆರಂಭದ ಹೆಜ್ಜೆಗಳಲ್ಲೊಂದು.

ಗೊನ್ಜಾಲೆಸ್‌ನ ಹೆಸರಿನ ಬೋರ್ಡನ್ನು ಮೊದಲು ತಂದದ್ದು ಆಗಿನ ದೈತ್ಯ ಕಂಪನಿಗಳಲ್ಲಿ ಒಂದಾದ ‘ವಿಷನ್’. ಹೆಸರು, ಹಣ ಎರಡೂ ಇದ್ದಾಗಲೇ 1989ರಲ್ಲಿ ಅದನ್ನು ಬಿಟ್ಟು, ಸ್ಟೀವ್ ರಾಕೊನ ‘ವರ್ಲ್ಡ್ ಇಂಡಸ್ಟ್ರೀಸ್’ ನೆರಳಿನಲ್ಲಿ ‘ಬ್ಲೈಂಡ್’ ಶುರು ಮಾಡಿದ. ತನಗೆ ಇಷ್ಟವಾದ ಹುಡುಗರನ್ನು ಕಟ್ಟಿಕೊಂಡ. ಎರಡು ಮೂರು ವರ್ಷದಲ್ಲಿ ಅಮೆರಿಕದ ಸ್ಕೇಟಿಂಗ್ ಮಾರುಕಟ್ಟೆಯೇ ಕುಸಿಯಿತು. ರ‍್ಯಾಂಪಿನ ಹೀರೋಗಳಿಗೆ ಕೆಲಸವಿಲ್ಲದಾಯಿತು. ಹಳೆಯ ದೊಡ್ಡ ಕಂಪನಿಗಳು ಮಂಕಾದವು. ಬೀದಿಯಲ್ಲಿ ಬೆಳೆದ ಪುಟ್ಟ ತಂಡಗಳು ಬದುಕಿಕೊಂಡವು. ಖರ್ಚು ಕಡಿಮೆ, ಸ್ನೇಹ ಹೆಚ್ಚು. ‘ಬ್ಲೈಂಡ್’ ಅನ್ನೂ ಅವನು ಬಿಟ್ಟ. ನಡುವಿನ ಕೆಲವು ವರ್ಷ ಕಂಪನಿಯಿಂದ ಕಂಪನಿಗೆ ಹೋದ. 2002ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊದ ‘ಡೀಲಕ್ಸ್’ ಸಂಸ್ಥೆಯಡಿ ‘ಕ್ರೂಕೆಡ್’ ಆರಂಭಿಸಿದ. ಅದರ ಹಲಗೆಗಳ ಮೇಲಿನ ಅನೇಕ ಚಿತ್ರಗಳು ಅವನ ಕೈಯವೇ. ಆ ಕಂಪನಿ ಇವತ್ತಿಗೂ ಇದೆ.

ಪೋಷಕರಿಗೆ ನನ್ನ ಉತ್ತರ ನೇರವಾಗಿರುತ್ತದೆ. ಭಾರತದಲ್ಲಿ ಬರೀ ಬೋರ್ಡಿನ ರಾಯಧನದಿಂದ ಬದುಕುವುದು ಸದ್ಯಕ್ಕೆ ಕಷ್ಟ. ಓದು ಬಿಡಿಸಬೇಡಿ. ಆದರೆ ಈ ಆಟದ ಸುತ್ತ ಬೇರೆ ದುಡಿಮೆಗಳಿವೆ. ಪಾರ್ಕ್ ಕಟ್ಟುವುದು, ಕಲಿಸುವುದು, ಚಿತ್ರೀಕರಿಸುವುದು, ಹಲಗೆಯ ಮೇಲೆ ಚಿತ್ರ ಬರೆಯುವುದು. ಬೆಂಗಳೂರಿನ ‘ಹೋಲಿಸ್ಟೋಕ್ಡ್’ ಬಳಗದ ಗೆಳೆಯರು 2013ರಲ್ಲಿ ಲೀವೈಸ್ ಕಂಪನಿಯ ನೆರವು ಪಡೆದು ನಗರದಲ್ಲಿ ಎಲ್ಲರಿಗೂ ತೆರೆದ ಪಾರ್ಕ್ ಕಟ್ಟಿದರು. ಹಾಗೆ ಕಟ್ಟುವುದನ್ನು ಕಲಿತವರು ಮುಂದೆ ಬೇರೆ ಊರುಗಳಲ್ಲೂ ಕಟ್ಟಿದರು. ಕಾಂಕ್ರೀಟಿನ ಬಾಗು ಎಷ್ಟಿರಬೇಕೆಂದು ಚಕ್ರದ ಮೇಲೆ ನಿಂತವರಿಗಿಂತ ಚೆನ್ನಾಗಿ ಯಾವ ಗುತ್ತಿಗೆದಾರನಿಗೂ ತಿಳಿಯದು.

7. ಬೋರ್ಡಿನಾಚೆಗೂ ಏನಾದರೂ ಇರಲಿ

ಗೊನ್ಜಾಲೆಸ್ ಚಿತ್ರ ಬರೆದ, ಕವಿತೆ ಬರೆದ, ಕೈಯಲ್ಲೇ ಹೊಲಿದ ಪುಟ್ಟ ಪತ್ರಿಕೆಗಳನ್ನು ಮಾಡಿ ಹಂಚಿದ. 1998ರಲ್ಲಿ ಜರ್ಮನಿಯ ಮೊಂಷೆನ್‌ಗ್ಲಾಡ್‌ಬಾಖ್ ಊರಿನ ಅಬ್ಟೈಬರ್ಗ್ ವಸ್ತುಸಂಗ್ರಹಾಲಯದ ಒಳಗೆ, ಕತ್ತಿವರಸೆಯವರ ಬಿಳಿ ಉಡುಪು ತೊಟ್ಟು, ಕಲಾಕೃತಿಗಳ ನಡುವೆಯೇ ಸ್ಕೇಟ್ ಮಾಡಿದ. ಅದರ ಚಿತ್ರೀಕರಣ ನೋಡಿದರೆ ಬೀದಿಯಲ್ಲಿದ್ದ ಅದೇ ಹುಡುಗ, ಅದೇ ಕಾಲು. ಐವತ್ತು ದಾಟಿದ ಮೇಲೂ ಅವನು ಬೋರ್ಡ್ ಬಿಟ್ಟಿಲ್ಲ. ಮೆಟ್ಟಿಲು ಹಾರುವ ಶಕ್ತಿ ಮೂವತ್ತರ ಆಸುಪಾಸಿನಲ್ಲಿ ಇಳಿಯತೊಡಗುತ್ತದೆ. ನೋಡುವ ಶಕ್ತಿ ಇಳಿಯಬೇಕಿಲ್ಲ. ಗಾಯವಾಗಿ ಮನೆಯಲ್ಲಿ ಕೂತ ಶಿಷ್ಯರ ಕೈಗೆ ನಾನು ಪೆನ್ಸಿಲ್ ಕೊಟ್ಟು ತಮ್ಮ ಬೀದಿಯ ನಕ್ಷೆ ಬರೆಸುತ್ತೇನೆ. ಮರಳಿ ಬಂದಾಗ ಅವರ ಸ್ಕೇಟಿಂಗ್ ಸುಧಾರಿಸಿರುವುದನ್ನು ಕಂಡಿದ್ದೇನೆ.

8. ಬಾಗಿಲು ತೆರೆದಿಡಿ, ಬೀದಿಯನ್ನೂ ಉಳಿಸಿಕೊಳ್ಳಿ

ಗೊನ್ಜಾಲೆಸ್ ತೆರೆದ ಬೀದಿಯಲ್ಲಿ ದೀರ್ಘಕಾಲ ಹುಡುಗರೇ ತುಂಬಿದ್ದರು. ಅದನ್ನು ಬದಲಿಸಿದವಳು ಫ್ಲೋರಿಡಾದ ಫೋರ್ಟ್ ಮೈಯರ್ಸ್‌ನ ಎಲಿಸಾ ಸ್ಟೀಮರ್. 1996ರ ‘ವೆಲ್ಕಮ್ ಟು ಹೆಲ್’ ವಿಡಿಯೊದಲ್ಲಿ ಟಾಯ್ ಮಷೀನ್ ತಂಡದ ಹುಡುಗರ ಸಾಲಿನಲ್ಲಿ ಆಕೆಗೂ ತನ್ನದೇ ಭಾಗವಿತ್ತು, ಯಾವ ರಿಯಾಯಿತಿಯೂ ಇಲ್ಲದೆ. 1998ರಲ್ಲಿ ಆಕೆಯ ಹೆಸರಿನ ಬೋರ್ಡ್ ಬಂತು. 1999ರ ‘ಟೋನಿ ಹಾಕ್ಸ್ ಪ್ರೊ ಸ್ಕೇಟರ್’ ವಿಡಿಯೊ ಗೇಮ್‌ನಲ್ಲಿದ್ದ ಏಕೈಕ ಮಹಿಳಾ ಸ್ಕೇಟರ್ ಆಕೆ. ಈ ಆಟ ತಮ್ಮದೂ ಹೌದು ಎಂದು ಹಲವು ಹೆಣ್ಣುಮಕ್ಕಳು ಕಂಡುಕೊಂಡದ್ದು ಆ ಪರದೆಯಲ್ಲಿ. ನಮ್ಮ ಬೆಂಗಳೂರಿನ ಅತೀತಾ ವರ್ಗೀಸ್ ‘ಗರ್ಲ್ ಸ್ಕೇಟ್ ಇಂಡಿಯಾ’ ಹುಟ್ಟುಹಾಕಿ ಹುಡುಗಿಯರನ್ನು ಬೋರ್ಡಿನ ಮೇಲೆ ನಿಲ್ಲಿಸಿದರು. ಹೆಣ್ಣುಮಕ್ಕಳು ಬರಬೇಕಾದರೆ ನಾನು ಕಂಡಂತೆ ಬೇಕಿರುವುದು ಎರಡೇ: ಕತ್ತಲಾಗುವ ಮುನ್ನ ಮುಗಿಯುವ ತರಗತಿ, ಮತ್ತು ಅವರ ಸರದಿ ಬಂದಾಗ ಅಂಗಳ ಬಿಟ್ಟುಕೊಡುವ ಹುಡುಗರು. ಎರಡನೆಯದನ್ನು ಕಲಿಸುವುದು ಓಲಿಯಷ್ಟೇ ಮುಖ್ಯ.

ಬೀದಿಯ ವಿಷಯಕ್ಕೆ ಬಂದರೆ, ಅದು ಎಲ್ಲ ಊರುಗಳಲ್ಲೂ ಕೈತಪ್ಪುತ್ತಿದೆ. ಕಟ್ಟೆಗಳ ಅಂಚಿಗೆ ಲೋಹದ ಗುಬುಟು ಬಡಿದು ಬೋರ್ಡ್ ಜಾರದಂತೆ ಮಾಡುತ್ತಾರೆ. ಫಿಲಡೆಲ್ಫಿಯಾದ ಲವ್ ಪಾರ್ಕ್ ಜಗತ್ತಿನ ಸ್ಕೇಟರ್‌ಗಳಿಗೆ ತೀರ್ಥಕ್ಷೇತ್ರವಾಗಿತ್ತು. 2002ರಲ್ಲಿ ನಗರಾಡಳಿತ ಅವರನ್ನು ಹೊರಗಟ್ಟಿತು. ಆಗ ಆ ಚೌಕದ ಕಲ್ಪನೆಯನ್ನು ಕೊಟ್ಟಿದ್ದ ನಗರ ಯೋಜಕ ಎಡ್ಮಂಡ್ ಬೇಕನ್ ತಮ್ಮ 92ನೇ ವಯಸ್ಸಿನಲ್ಲಿ ಹೆಲ್ಮೆಟ್ ಹಾಕಿಕೊಂಡು, ಇಬ್ಬರ ಆಸರೆಯಲ್ಲಿ, ಅದೇ ಪಾರ್ಕಿನಲ್ಲಿ ಸ್ಕೇಟ್‌ಬೋರ್ಡ್ ಏರಿ ಪ್ರತಿಭಟಿಸಿದರು. ಆದರೂ ಆಗ ಆ ನಿಷೇಧ ತೆರವಾಗಲಿಲ್ಲ. ಲಂಡನ್ನಿನಲ್ಲಿ ಬೇರೆಯಾಯಿತು. ಥೇಮ್ಸ್ ದಂಡೆಯ ಸೌತ್‌ಬ್ಯಾಂಕ್ ಕಟ್ಟಡದ ಕೆಳಗಿನ ಜಾಗವನ್ನು ಅಂಗಡಿಗಳಿಗೆ ಕೊಡುವ ಯೋಜನೆಯ ವಿರುದ್ಧ ಸ್ಕೇಟರ್‌ಗಳು ಸಹಿ ಸಂಗ್ರಹಿಸಿ ಹೋರಾಡಿದರು. 2014ರಲ್ಲಿ ಜಾಗ ಅವರಿಗೇ ಉಳಿಯಿತು.

ನಮ್ಮ ಊರುಗಳಲ್ಲಿ ಆ ಹೋರಾಟ ಇನ್ನೂ ಶುರುವಾಗಬೇಕು. ಈ ಬರಹ ಓದುವವರಲ್ಲಿ ಅಪಾರ್ಟ್‌ಮೆಂಟ್ ಸಂಘದವರು, ಬಡಾವಣೆಯ ಹಿರಿಯರು, ನಗರಪಾಲಿಕೆಯ ಎಂಜಿನಿಯರ್‌ಗಳು ಇರಬಹುದು. ನಿಮ್ಮಲ್ಲಿ ನನ್ನ ಕೋರಿಕೆ ಇಷ್ಟೆ. ಮುಂದಿನ ಉದ್ಯಾನದ ನಕ್ಷೆಯಲ್ಲಿ ಒಂದು ಮೂಲೆಗೆ ನುಣುಪಾದ ಕಾಂಕ್ರೀಟ್ ಹಾಸಿ, ಮೊಣಕಾಲೆತ್ತರದ ಒಂದು ಗ್ರಾನೈಟ್ ಕಟ್ಟೆ ಕಟ್ಟಿಸಿ, ಅದರ ಅಂಚಿಗೆ ಕಬ್ಬಿಣದ ಪಟ್ಟಿ ಕೂರಿಸಿ. ಮಕ್ಕಳು ಬೋರ್ಡ್ ತಂದಾಗ ಗೇಟಿನಲ್ಲಿ ತಡೆಯಬೇಡಿ ಎಂದು ಕಾವಲುಗಾರರಿಗೆ ಹೇಳಿ. ಆ ಕಟ್ಟೆ ಎಲ್ಲಿರಬೇಕೆಂದು ನಿಶ್ಚಯಿಸುವ ಮೊದಲು ಅಲ್ಲಿ ಸ್ಕೇಟ್ ಮಾಡುವ ಮಕ್ಕಳನ್ನೇ ಒಮ್ಮೆ ಕರೆದು ಕೇಳಿ.